ಮೌಸಿನ ಬದಲು ಕೈಸನ್ನೆಯ ಸಾಧನ ದಿನಬಳಕೆಗೆ ಆದೀತೇ?

ಬಲಗೈ ಮಣಿಕಟ್ಟಿನ ನೋವಿನಿಂದಾಗಿ ಮೌಸನ್ನು ಪೂರ್ತಿ ಬಿಟ್ಟು, ಕೈಸನ್ನೆಯಿಂದ ಕಂಪ್ಯೂಟರ್ ನಡೆಸುವ ಸಾಧನವನ್ನು ಕೊಳ್ಳಬೇಕೆಂದಿದ್ದೀರಿ. ದಿನವಿಡೀ ಅದರಲ್ಲೇ ಕೆಲಸ ಮಾಡಲಾದೀತೇ ಎಂದು ಕೇಳಿದ್ದೀರಿ. ಮೌಸಿನ ಜಾಗಕ್ಕೆ ದಯವಿಟ್ಟು ಅದನ್ನು ತರಬೇಡಿ. ಇದೇ ನೋವು, ಇದೇ ಆಸೆ ನನಗೂ ಇದ್ದುದರಿಂದ ಕಾರಣಗಳನ್ನು ತುಸು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಮುಂಬೈ ಬಳಿಯ ಡೊಂಬಿವಲಿಯ ಮನೆಯಲ್ಲಿ ಕುಳಿತು ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುವವನು. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯೊಂದರಿಂದ ಇಂಥ ಒಂದು ಸಾಧನವನ್ನು ತಂದು ಎರಡು ತಿಂಗಳು ಪಟ್ಟುಹಿಡಿದು ಬಳಸಿದೆ. ಈ ಬಗೆಯ ಸಾಧನಗಳಲ್ಲಿ ಹೆಚ್ಚು ಹೆಸರಾದದ್ದು 2013ರಲ್ಲಿ ಮಾರುಕಟ್ಟೆಗೆ ಬಂದ ಲೀಪ್ ಮೋಷನ್. ಮೇಜಿನ ಮೇಲಿಡುವ ಅದರೊಳಗೆ ಎರಡು ಕ್ಯಾಮೆರಾ ಮತ್ತು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೀರುವ ಮೂರು ದೀಪಗಳಿವೆ. ಕೈಗೆ ತಾಗಿ ಮರಳುವ ಆ ಬೆಳಕನ್ನು ಎರಡು ಕ್ಯಾಮೆರಾಗಳು ಎರಡು ಕೋನಗಳಿಂದ ಹಿಡಿಯುವುದರಿಂದ, ಸುಮಾರು 60 ಸೆಂ.ಮೀ. ಎತ್ತರದವರೆಗೆ ಪ್ರತಿ ಬೆರಳೂ ಎಲ್ಲಿದೆಯೆಂದು ತಂತ್ರಾಂಶವು ಲೆಕ್ಕ ಹಾಕುತ್ತದೆ. ನನ್ನದು ಬೇರೆ ತಯಾರಕರದು, ಆದರೆ ಕೆಲಸ ಮಾಡುವ ರೀತಿ ಅದೇ.

ಕರ್ಸರ್ ಓಡಿಸುವುದು ಕಷ್ಟವಲ್ಲ, ಎರಡು ದಿನದಲ್ಲಿ ಕೈಗೆ ಹತ್ತುತ್ತದೆ. ಕಷ್ಟವಿರುವುದು ಕ್ಲಿಕ್ಕಿನಲ್ಲಿ. ಮೌಸಿನಲ್ಲಿ ಗುರಿಯಿಡುವ ಕೆಲಸ ಅಂಗೈಯದು, ಒತ್ತುವ ಕೆಲಸ ಬೆರಳಿನದು. ಮೌಸಿಗೆ ಮೇಜಿನ ಆಸರೆಯಿರುವುದರಿಂದ ಒತ್ತಿದಾಗ ಗುರಿ ಕದಲುವುದಿಲ್ಲ. ಗಾಳಿಯಲ್ಲಿ ಗುರಿಯಿಡುವುದೂ ತೋರುಬೆರಳೇ, ಹೆಬ್ಬೆರಳಿಗೆ ತಾಗಿಸಿ ಚಿವುಟಬೇಕಾದದ್ದೂ ಅದೇ ಬೆರಳು. ಚಿವುಟಲು ಬಾಗಿದೊಡನೆ ಕರ್ಸರ್ ಕೂಡ ಅದರ ಜೊತೆ ಜಾರುತ್ತದೆ. ‘ಸ್ತ್ರೀ’ ಎಂಬ ಪದದ ಮುಂದೆ ಕರ್ಸರ್ ನಿಲ್ಲಿಸಿ ಚಿವುಟಿದರೆ ಅದು ಕೆಳಗಿನ ಸಾಲಿನ ನಡುವೆ ಹೋಗಿ ಕೂರುತ್ತಿತ್ತು; ಸಾಲುಗಳ ಅಂತರವನ್ನು ಒತ್ತಕ್ಷರಗಳೇ ತುಂಬಿಕೊಂಡಿರುವ ಕನ್ನಡದ ಪುಟದಲ್ಲಿ ಇದು ಸಣ್ಣ ತೊಂದರೆಯಲ್ಲ. ಕರ್ಸರ್ ಒಂದೆಡೆ ಕ್ಷಣಕಾಲ ನಿಂತರೆ ತಾನಾಗಿ ಕ್ಲಿಕ್ ಆಗುವ ವ್ಯವಸ್ಥೆಯನ್ನೂ ಮಾಡಿಕೊಂಡು ನೋಡಿದೆ. ಆಗ ಯೋಚಿಸುತ್ತ ಕೈ ನಿಲ್ಲಿಸಿದಲ್ಲೆಲ್ಲ ಕ್ಲಿಕ್ ಆಗತೊಡಗಿತು.

ನಿಮ್ಮ ನೋವಿನ ದೃಷ್ಟಿಯಿಂದ ಇನ್ನೂ ಮುಖ್ಯವಾದದ್ದು ಭುಜ. ಮೌಸ್ ಹಿಡಿದ ಕೈಗೆ ಮೇಜಿನ ಆಧಾರವಿದೆ, ಗಾಳಿಯಲ್ಲಿರುವ ಕೈಗೆ ಭುಜವೇ ಆಧಾರ. ಎದುರಿನ ಪರದೆಯನ್ನು ಕೈಯೆತ್ತಿ ಮುಟ್ಟುವ ಟಚ್‌ಸ್ಕ್ರೀನ್‌ಗಳಲ್ಲೇ ಈ ಆಯಾಸ ಬೆಳಕಿಗೆ ಬಂದು, ಗೊರಿಲ್ಲಾ ಆರ್ಮ್ ಎಂಬ ಹೆಸರನ್ನೂ ಪಡೆದಿತ್ತು. ನಾನು ಕುರ್ಚಿಯ ತೋಳನ್ನು ಎತ್ತರಿಸಿ ಮೊಣಕೈ ಊರಿಕೊಂಡೆ, ಸಾಧನವನ್ನು ಕೀಬೋರ್ಡಿನ ಮುಂದಕ್ಕೆ ತಂದೆ; ಹತ್ತು ನಿಮಿಷ ತಡೆಯುತ್ತಿದ್ದ ಕೈ ಅರ್ಧ ಗಂಟೆ ತಡೆಯಿತು, ಅಷ್ಟೇ. ಮೂರನೆಯ ವಾರದಲ್ಲಿ ಮಣಿಕಟ್ಟು ಸ್ವಲ್ಪ ಹಗುರವಾಗಿತ್ತು ನಿಜ, ಆದರೆ ಕತ್ತಿನಿಂದ ಭುಜದವರೆಗೆ ಹೊಸ ನೋವು ಹಿಡಿದಿತ್ತು.

ಬೆಳಕಿನ ವಿಷಯ ಕೊಳ್ಳುವವರಿಗೆ ಮೊದಲೇ ಹೊಳೆಯುವುದಿಲ್ಲ. ಸೂರ್ಯನ ಬೆಳಕಿನಲ್ಲೂ ಇನ್‌ಫ್ರಾರೆಡ್ ಇರುತ್ತದೆ. ನನ್ನ ಮೇಜು ಪಶ್ಚಿಮದ ಕಿಟಕಿಯ ಪಕ್ಕದಲ್ಲಿದೆ. ಸಂಜೆ ನಾಲ್ಕರ ಮೇಲೆ ಬಿಸಿಲು ಮೇಜಿನ ಮೇಲೆ ಬಿದ್ದರೆ ಸಾಧನಕ್ಕೆ ಕೈಯೇ ಕಾಣದು, ಕಿಟಕಿಯ ಪರದೆ ಎಳೆದರೆ ಮತ್ತೆ ಕಾಣುತ್ತದೆ. ಮೇಲಿನ ಗಾಜಿನ ಮೇಲೆ ಬೆರಳಿನ ಎಣ್ಣೆಯಂಶ ಹತ್ತಿದರೂ ಗುರಿ ನಡುಗುತ್ತದೆ, ಹಾಗಾಗಿ ಒಂದು ಮೆತ್ತನೆಯ ಬಟ್ಟೆ ಹತ್ತಿರವೇ ಇರಲಿ. ಅದಲ್ಲದೆ, ಯಾವ ಚಲನೆ ತನಗಾಗಿ, ಯಾವುದು ಅಲ್ಲ ಎಂಬುದು ಅದಕ್ಕೆ ತಿಳಿಯದು: ಚಹಾದ ಲೋಟಕ್ಕೆ ಕೈ ಚಾಚಿದಾಗ ನಾಲ್ಕು ಪುಟ ಮುಂದೆ ಸರಿದದ್ದುಂಟು.

ಹಾಗಾದರೆ ಪ್ರಯೋಜನವೇ ಇಲ್ಲವೆಂದಲ್ಲ. ದೊಡ್ಡ ಚಲನೆ ಸಾಕಾಗುವ, ಗುರಿ ಬೇಡದ ಕೆಲಸಗಳಲ್ಲಿ ಅದು ನಿಜಕ್ಕೂ ಹಿತವಾಗಿದೆ. ಎಡಗೈಯಲ್ಲಿ ಮೂಲ ಹಸ್ತಪ್ರತಿ ಹಿಡಿದು, ಪರದೆಯ ಮೇಲಿನ ಕರಡನ್ನು ಅಂಗೈ ಬೀಸಿ ಸರಿಸುತ್ತ ತಾಳೆ ನೋಡುವಾಗ ನಾನು ಇಂದಿಗೂ ಅದನ್ನೇ ಬಳಸುತ್ತೇನೆ. ಹೆಂಡತಿ ಅಕ್ಕಿರೊಟ್ಟಿ ತಟ್ಟುವಾಗ ಹಿಟ್ಟಿನ ಕೈಯಲ್ಲೇ ಲ್ಯಾಪ್‌ಟಾಪಿನ ವಿಡಿಯೋ ನಿಲ್ಲಿಸುತ್ತಾಳೆ.

ನಿಮಗೆ ನನ್ನ ಸಲಹೆಯೆಂದರೆ, ಮೊದಲು ಮಣಿಕಟ್ಟನ್ನು ವೈದ್ಯರಿಗೆ ತೋರಿಸಿ. ನನಗೆ ಕೊನೆಗೆ ಒದಗಿದ್ದು ಮೌಸಿನ ಬದಲು ಬಳಸುವ ಟ್ರ್ಯಾಕ್‌ಬಾಲ್ ಎಂಬ ಸಾಧನ. ಅದರಲ್ಲಿ ಗುಂಡನ್ನು ಹೆಬ್ಬೆರಳು ಉರುಳಿಸುತ್ತದೆ, ಮಣಿಕಟ್ಟು ಇದ್ದಲ್ಲೇ ಇರುತ್ತದೆ. ಜೊತೆಗೆ ಕೀಬೋರ್ಡಿನ ಶಾರ್ಟ್‌ಕಟ್‌ಗಳನ್ನು ರೂಢಿಸಿಕೊಂಡದ್ದರಿಂದ ಕ್ಲಿಕ್ಕುಗಳೇ ಕಡಿಮೆಯಾದವು. ಇಷ್ಟಾದ ಮೇಲೂ ಕೈಸನ್ನೆಯನ್ನು ಪ್ರಯತ್ನಿಸುವ ಮನಸ್ಸಿದ್ದರೆ ಹಣ ಹಾಕುವ ಮುನ್ನ ಲ್ಯಾಪ್‌ಟಾಪಿನ ಕ್ಯಾಮೆರಾದಲ್ಲೇ ನೋಡಬಹುದು. ಗೂಗಲ್ 2019ರಲ್ಲಿ ಹೊರತಂದ ಮೀಡಿಯಾಪೈಪ್‌ನ ತಂತ್ರಾಂಶ ಸಾಮಾನ್ಯ ಕ್ಯಾಮೆರಾದಿಂದಲೇ ಒಂದು ಕೈಯ 21 ಬಿಂದುಗಳನ್ನು ಗುರುತಿಸುತ್ತದೆ. ಅದನ್ನು ಆಧರಿಸಿ ಕರ್ಸರ್ ನಡೆಸುವ ಉಚಿತ ಪ್ರೋಗ್ರಾಮುಗಳು ಸಿಗುತ್ತವೆ. ಅದರಲ್ಲಿ ಕೈಯನ್ನು ಇನ್ನೂ ಎತ್ತರಕ್ಕೆ ಎತ್ತಬೇಕಾಗುವುದರಿಂದ, ಭುಜ ನೋಯಲು ಶುರುವಾದೊಡನೆ ನಿಲ್ಲಿಸಿಬಿಡಿ.