ಗ್ಯಾರೇಜ್ ಕಟ್ಟೆ: ತೋಟದ ಥಾರ್‌ಗೆ ಎರಡನೇ ಬ್ಯಾಟರಿ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಕಾಫಿ ತೋಟ. 2021ರ ಡೀಸೆಲ್ ಥಾರ್ ಇದೆ, ಫೋರ್ ವೀಲ್ ಡ್ರೈವ್, ಹಾರ್ಡ್ ಟಾಪ್. ಕೊಯ್ಲಿನ ಸಮಯದಲ್ಲಿ ಬೆಳಗಿನಿಂದ ರಾತ್ರಿವರೆಗೆ ಗಾಡಿ ತೋಟದಲ್ಲೇ ಇರುತ್ತದೆ. ಅದರಲ್ಲಿ 40 ಲೀಟರಿನ 12 ವೋಲ್ಟ್ ಫ್ರಿಜ್, ಕಣಕ್ಕೆ ಒಂದು ಎಲ್ಇಡಿ ಲೈಟು, ಫೋನು, ಟಾರ್ಚ್ ಚಾರ್ಜಿಂಗ್ ಇಷ್ಟು ಬೇಕು. ಹೋದ ಸಲ ರಾತ್ರಿಯಿಡೀ ಫ್ರಿಜ್ ಹಾಕಿಟ್ಟಿದ್ದಕ್ಕೆ ಬೆಳಿಗ್ಗೆ ಸೆಲ್ಫ್ ಹೊಡೆಯಲಿಲ್ಲ. ಮನೆಯ ಹಳೇ ಇನ್ವರ್ಟರ್ ಬ್ಯಾಟರಿಯನ್ನೇ ಸೀಟಿನ ಹಿಂದೆ ಇಟ್ಟು, ದಪ್ಪ ವೈರಿನಲ್ಲಿ ಎರಡೂ ಬ್ಯಾಟರಿ ಸೇರಿಸಿ, ಛಾವಣಿ ಮೇಲೆ 100 ವಾಟ್ ಸೋಲಾರ್ ಪ್ಯಾನೆಲ್ ಕೂರಿಸೋಣ ಅಂತ ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಮಾಡಿಸಬಹುದಾ ಸಾರ್?
– ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು

ಉತ್ತರ: ಬೇಡ. ಇನ್ವರ್ಟರ್ ಬ್ಯಾಟರಿಯಂತೂ ಬೇಡವೇ ಬೇಡ. ಪ್ಯಾನೆಲ್ ಬೇಕು, ಆದರೆ ಛಾವಣಿ ಮೇಲಲ್ಲ.

ಮೊದಲು ಆ ಬ್ಯಾಟರಿ ವಿಷಯ. ಮನೆಯ ಟ್ಯೂಬುಲರ್ ಬ್ಯಾಟರಿ 150 ಎಎಚ್‌ನದಾದರೆ 50 ಕೆ.ಜಿ.ಗಿಂತ ಜಾಸ್ತಿ ತೂಗುತ್ತದೆ. (ಎಎಚ್ ಅಂದರೆ ಆಂಪಿಯರ್-ಅವರ್. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಎಎಚ್.) ಒಳಗೆಲ್ಲ ಆಸಿಡ್. ಅದನ್ನು ಮಾಡಿರುವುದೇ ಮನೆಯ ಮೂಲೆಯಲ್ಲಿ ಅಲ್ಲಾಡದೆ ಕೂತಿರಲಿ ಅಂತ. ನಿಮ್ಮ ತೋಟದ ರಸ್ತೆಯ ಕುಲುಕಾಟಕ್ಕೆ ಆಸಿಡ್ ಹೊರಗೆ ಚೆಲ್ಲುತ್ತದೆ, ಒಳಗಿನ ಪ್ಲೇಟು ಸಡಿಲವಾಗುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬೇರೆ ಬಿಡುತ್ತದೆ. ಥಾರ್‌ನಲ್ಲಿ ಜನ ಕೂರುವ ಜಾಗ, ಸಾಮಾನು ಇಡುವ ಜಾಗ ಎರಡೂ ಒಂದೇ. ಗಾಜು ಏರಿಸಿಕೊಂಡಿರುವಾಗ ಯಾರಾದರೂ ಬೀಡಿ ಹಚ್ಚಿದರೆ? ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಆ 50 ಕೆ.ಜಿ. ಯಾರ ಬೆನ್ನಿಗೆ ಬರುತ್ತದೆ?

ಎರಡನ್ನೂ ನೇರ ಸೇರಿಸಿದರೆ ನಿಮ್ಮ ತೊಂದರೆ ಹಾಗೇ ಉಳಿಯುತ್ತದೆ. ರಾತ್ರಿ ಫ್ರಿಜ್ ಎರಡನ್ನೂ ಒಟ್ಟಿಗೆ ಖಾಲಿ ಮಾಡುತ್ತದೆ, ಬೆಳಿಗ್ಗೆ ಸೆಲ್ಫ್ ಮತ್ತೆ ಹೊಡೆಯುವುದಿಲ್ಲ. ಸಾಲದ್ದಕ್ಕೆ ಹಳೇ ಬ್ಯಾಟರಿ ಹೊಸದನ್ನು ಸುಮ್ನೆ ಎಳೆಯುತ್ತಿರುತ್ತದೆ. ಎರಡನೇ ಬ್ಯಾಟರಿ ಹಾಕಿಸುವುದೇ ಮೊದಲನೆಯದನ್ನು ಯಾರೂ ಮುಟ್ಟದಿರಲಿ ಅಂತ, ಅಲ್ವಾ?

ಈಗ ಲೆಕ್ಕ. ನಮ್ಮವರು ಪ್ಯಾನೆಲ್ ಕೊಂಡು ಆಮೇಲೆ ಲೆಕ್ಕ ಹಾಕುತ್ತಾರೆ. ಉಲ್ಟಾ ಆಗಬೇಕು. ನಿಮ್ಮ ಅಳತೆಯ ಕಂಪ್ರೆಸರ್ ಫ್ರಿಜ್ ಓಡುವಾಗ ಸುಮಾರು 3.5 ಆಂಪಿಯರ್ ಎಳೆಯುತ್ತದೆ. ಮಲೆನಾಡಿನ ಚಳಿಗೆ ಅದು ಇಡೀ ದಿನದಲ್ಲಿ ಮೂರನೇ ಒಂದು ಭಾಗದಷ್ಟು ಹೊತ್ತು ಓಡಿದರೆ ಜಾಸ್ತಿ. ಅಲ್ಲಿಗೆ 24 ಗಂಟೆಗೆ 30 ಎಎಚ್ ಹತ್ತಿರ. 10 ವಾಟಿನ ಲೈಟು ನಾಲ್ಕು ಗಂಟೆ ಉರಿದರೆ 3 ಎಎಚ್ ಚಿಲ್ಲರೆ. ಫೋನು, ಟಾರ್ಚಿಗೆ ಇನ್ನೊಂದು ಐದು. ದಿನಕ್ಕೆ 40 ಎಎಚ್ ಅಂತ ಇಟ್ಟುಕೊಳ್ಳಿ.

100 ಎಎಚ್ ಲೆಡ್ ಬ್ಯಾಟರಿಯಲ್ಲಿ ಬಾಳಿಕೆ ಬೇಕಾದರೆ ಅರ್ಧ ಮಾತ್ರ ಬಳಸಬೇಕು, ಅಂದರೆ 50. ಒಂದು ದಿನಕ್ಕೆ ಮುಗಿಯಿತು. ಅದೇ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 80ರಿಂದ 90 ಎಎಚ್ ಧಾರಾಳವಾಗಿ ಬಳಸಬಹುದು. ತೂಕವೂ 12 ಕೆ.ಜಿ. ಆಸುಪಾಸು, ಗ್ಯಾಸ್ ಇಲ್ಲ, ಆಸಿಡ್ ಇಲ್ಲ. ದುಡ್ಡು ಜಾಸ್ತಿ, ನಿಜ. ಆದರೂ ಜನ ಕೂರುವ ಜಾಗದಲ್ಲಿ ಇಡುವುದಾದರೆ ನಾನು ಇದನ್ನೇ ಹೇಳುತ್ತೇನೆ. ಬಾನೆಟ್ ಒಳಗೆ ಇಡಬೇಡಿ. ಎಂಜಿನ್ ಬಿಸಿ ಇದಕ್ಕೆ ಆಗುವುದಿಲ್ಲ.

ಈ ಬ್ಯಾಟರಿಯನ್ನು ಆಲ್ಟರ್ನೇಟರಿಗೆ (ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಯಂತ್ರ) ನೇರ ಕೊಟ್ಟರೆ ಸಿಕ್ಕಿದಷ್ಟು ಕರೆಂಟ್ ಎಳೆದು ಆಲ್ಟರ್ನೇಟರನ್ನೇ ಸುಡಬಹುದು. ಅದಕ್ಕೇ ಮಧ್ಯೆ ಡಿಸಿ-ಡಿಸಿ ಚಾರ್ಜರ್ ಬೇಕು. 25 ಆಂಪಿಯರಿನದು ಸಾಕು. ಎಂಜಿನ್ ಆನ್ ಆದಾಗ ಮಾತ್ರ ಬಾನೆಟ್ ಒಳಗಿನ ಮೊದಲ ಬ್ಯಾಟರಿಯಿಂದ ತೆಗೆದುಕೊಂಡು, ಲಿಥಿಯಂಗೆ ಬೇಕಾದ 14.4 ವೋಲ್ಟಿಗೆ ಏರಿಸಿ ತುಂಬುತ್ತದೆ. ಎಂಜಿನ್ ಆಫ್ ಆದರೆ ಬಿಟ್ಟುಬಿಡುತ್ತದೆ. ಹೊಸ ಗಾಡಿಗಳಲ್ಲಿ ಇನ್ನೊಂದು ಸಮಸ್ಯೆ ಇದೆ. ಡೀಸೆಲ್ ಉಳಿಸಲು ಕೆಲವು ಗಾಡಿಯ ಕಂಪ್ಯೂಟರ್ ಆಲ್ಟರ್ನೇಟರ್ ವೋಲ್ಟೇಜನ್ನು ಓಡುವಾಗಲೇ 12.5ರ ಹತ್ತಿರಕ್ಕೆ ಇಳಿಸುತ್ತದೆ. ಇಂಥ ಗಾಡಿಯಲ್ಲಿ ಡಿಸಿ-ಡಿಸಿ ಚಾರ್ಜರ್ ಬದಲು ಬರೀ ರಿಲೇ (ಎರಡು ಬ್ಯಾಟರಿಯನ್ನು ತಾನಾಗಿ ಕೂಡಿಸಿ ಬಿಡಿಸುವ ಸ್ವಿಚ್) ಹಾಕಿದರೆ ಎರಡನೇ ಬ್ಯಾಟರಿ ಯಾವತ್ತೂ ತುಂಬುವುದಿಲ್ಲ. ನಿಮ್ಮದು ಯಾವ ಥರ ಅಂತ ತಿಳಿಯಲು ಬ್ಯಾಟರಿಗೆ ಮಲ್ಟಿಮೀಟರ್ ಕಚ್ಚಿಸಿ, ಲೈಟು, ಏಸಿ ಆಫ್ ಮಾಡಿ ಅರ್ಧ ಗಂಟೆ ಓಡಿಸಿ. ಉದ್ದಕ್ಕೂ 13.8ರಿಂದ 14.4 ಇದ್ದರೆ ಹಳೇ ಥರದ್ದು. ಚಾರ್ಜರಿನ ಇಗ್ನಿಷನ್ ವೈರ್ (ಕೀ ಆನ್ ಆಗಿದೆ ಅಂತ ಚಾರ್ಜರಿಗೆ ತಿಳಿಸುವುದು) ಕೂಡಿಸಬೇಕೋ ಬೇಡವೋ ಅನ್ನುವುದು ಇದರ ಮೇಲೆ ನಿಲ್ಲುತ್ತದೆ.

ವೈರಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಕೆಡುವುದೆಲ್ಲ ಇಲ್ಲೇ. ಚಾರ್ಜರ್ ಹಿಂದೆ, ಎರಡನೇ ಬ್ಯಾಟರಿ ಪಕ್ಕದಲ್ಲೇ ಇರಲಿ. ಬಾನೆಟ್‌ನಿಂದ ಅಲ್ಲಿಗೆ ಸುತ್ತಿಬಳಸಿ 5 ಮೀಟರ್ ವೈರ್ ಬೇಕು. 4 ಸ್ಕ್ವೇರ್ ಎಂಎಂ ವೈರ್ ಹಾಕಿದರೆ 30 ಆಂಪಿಯರ್ ಹರಿಯುವಾಗ ಸುಮಾರು 0.7 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 16 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹಾಕಿದರೆ 0.2 ಒಳಗೇ ಮುಗಿಯುತ್ತದೆ. ತಾಮ್ರ ಅಂದೆ. ತಾಮ್ರದ ಲೇಪ ಹೊಡೆದ ಅಲ್ಯೂಮಿನಿಯಂ ವೈರೂ ಅಂಗಡಿಯಲ್ಲಿ ಸಿಗುತ್ತದೆ, ತುದಿ ಕೆರೆದು ನೋಡಿ ತಗೊಳ್ಳಿ.

ಫ್ಯೂಸ್ ಎರಡು ಬೇಕು, ವೈರಿನ ಎರಡೂ ತುದಿಗೆ. ಎರಡು ಕಡೆಯೂ ಬ್ಯಾಟರಿ ಇದೆಯಲ್ಲ, ಮಧ್ಯೆ ಎಲ್ಲಾದರೂ ವೈರ್ ಸುಲಿದು ಗಾಡಿಯ ಬಾಡಿಗೆ ತಗುಲಿದರೆ ಎರಡು ಕಡೆಯಿಂದಲೂ ಬೆಂಕಿ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣು ದೂರದಲ್ಲೇ ಇರಲಿ. ಚಾರ್ಜರಿನ ಪುಸ್ತಕದಲ್ಲಿ 40 ಅಂತಿದ್ದರೆ 40, 50 ಅಂತಿದ್ದರೆ 50. ವೈರಿಗೆ ಫ್ಲೆಕ್ಸಿಬಲ್ ಪೈಪ್ ತೊಡಿಸಿ, ಸೈಲೆನ್ಸರ್, ಟರ್ಬೋ ಕಡೆ ಸುಳಿಯದಂತೆ ಕಟ್ಟಿ, ತಗಡು ದಾಟುವಲ್ಲಿ ರಬ್ಬರ್ ಗ್ರಾಮೆಟ್ ಹಾಕಿಸಿ. ನಿಮ್ಮ ಕಡೆ ಇಲಿ ಕಾಟ ಬೇರೆ! ಗೋಡೌನ್ ಪಕ್ಕ ನಿಲ್ಲಿಸುವವರು ತಿಂಗಳಿಗೊಮ್ಮೆ ಬಾನೆಟ್ ಎತ್ತಿ ನೋಡಲೇಬೇಕು. ಅರ್ತ್ ಕೊಡುವಲ್ಲಿ ಪೇಂಟ್ ಕೆರೆದು, ಲಗ್ ಬಿಗಿದು, ವ್ಯಾಸಲಿನ್ ಹಚ್ಚಿ. ಬಾನೆಟ್ ಒಳಗಿನ ಬ್ಯಾಟರಿಯ ನೆಗೆಟಿವ್ ಮೇಲೆ ಸೆನ್ಸರ್ ಇದ್ದರೆ ಅದರ ಮೇಲೆ ಏನೂ ಕೂರಿಸಬೇಡಿ, ಅರ್ತ್ ವೈರನ್ನು ಗಾಡಿಯ ಬಾಡಿಗೇ ಜೋಡಿಸಿ. ಬ್ಯಾಟರಿ ಟ್ರೇಯನ್ನು ಬೋಲ್ಟ್ ಹಾಕಿ ನೆಲಕ್ಕೆ ಬಿಗಿಯಿರಿ. ಆದರೆ ಡ್ರಿಲ್ ಹಿಡಿಯುವ ಮೊದಲು ಗಾಡಿ ಕೆಳಗೆ ಮಲಗಿ, ಡೀಸೆಲ್ ಟ್ಯಾಂಕ್ ಎಲ್ಲಿದೆ, ಬ್ರೇಕ್ ಪೈಪ್ ಎಲ್ಲಿ ಹೋಗಿದೆ ನೋಡಿ.

ಇನ್ನು ಸೋಲಾರ್. ಎರಡನೇ ಬ್ಯಾಟರಿಯ ಹುಚ್ಚು ಹೆಚ್ಚಾಗಿ ಆಸ್ಟ್ರೇಲಿಯಾದಿಂದ ಬಂದಿದ್ದು. ಅಲ್ಲಿ ಮರಳುಗಾಡಿನ ಬಯಲಿನಲ್ಲಿ ದಿನಗಟ್ಟಲೆ ಕ್ಯಾಂಪ್ ಹಾಕುತ್ತಾರೆ, ಬಿಸಿಲಿಗೆ ಅಡ್ಡ ಬರಲು ಮರವೇ ಇರುವುದಿಲ್ಲ. ಛಾವಣಿ ಪ್ಯಾನೆಲ್ ಅಲ್ಲಿಗೆ ಸರಿ. ನಿಮ್ಮ ಗಾಡಿ ನಿಲ್ಲುವುದು ಸಿಲ್ವರ್ ಓಕ್ ಮತ್ತು ಹಾಲವಾಣದ ಅಡಿಯಲ್ಲಿ. ಪ್ಯಾನೆಲ್ಲಿನ ಸೆಲ್ಲುಗಳು ಒಂದರ ಹಿಂದೊಂದು ಸಾಲಾಗಿ ಸೇರಿರುತ್ತವೆ. ಒಂದು ಕೊಂಬೆಯ ನೆರಳು ಅಡ್ಡ ಬಿದ್ದರೂ ಅರ್ಧಕ್ಕರ್ಧ ಕರೆಂಟ್ ಮಾಯ. ತೋಟದೊಳಗೆ ಅಂತೂ ಪೂರ್ತಿ ನೆರಳೇ.

ಆದರೆ ನಿಮಗೆ ಸೋಲಾರ್ ಬೇಡ ಅನ್ನುವಂತೆಯೂ ಇಲ್ಲ. ಕೊಯ್ಲಿನಲ್ಲಿ ಗಾಡಿ ಓಡುವುದು ಕಣದಿಂದ ಆಳುಗಳ ಲೈನ್ ಮನೆಗೆ, ಲೈನಿನಿಂದ ತೋಟಕ್ಕೆ, ಹತ್ತು ನಿಮಿಷ ಓಡಿದರೆ ಒಂದು ಗಂಟೆ ನಿಲ್ಲುತ್ತದೆ. ದಿನವೆಲ್ಲ ಸೇರಿಸಿದರೂ ಡಿಸಿ-ಡಿಸಿ ಚಾರ್ಜರಿನಿಂದ 10 ಎಎಚ್ ಸಿಕ್ಕರೆ ಪುಣ್ಯ. ಸುಮಾರು 30 ಕಿ.ಮೀ. ದೂರದ ಚಿಕ್ಕಮಗಳೂರಿಗೆ ಹೋಗಿ ಬಂದ ದಿನ ಮಾತ್ರ ಬ್ಯಾಟರಿ ಹೊಟ್ಟೆ ತುಂಬ ಉಣ್ಣುತ್ತದೆ. ಉಳಿದ ದಿನ ಬಿಸಿಲು ಇರುವ ಒಂದೇ ಜಾಗ ನಿಮ್ಮ ಕಣ. ಕಾಫಿ ಒಣಗುವಲ್ಲಿ ಪ್ಯಾನೆಲ್ಲೂ ಕೆಲಸ ಮಾಡುತ್ತದೆ. 200 ವಾಟಿನ ಮಡಚುವ ಪ್ಯಾನೆಲ್ ತಂದು ಕಣದ ಅಂಚಿನಲ್ಲಿ ದಕ್ಷಿಣಕ್ಕೆ ವಾಲಿಸಿ ಇಡಿ. 10 ಮೀಟರ್ ವೈರ್ ಎಳೆದು ಗಾಡಿಗೆ ಪ್ಲಗ್ ಮಾಡಿ. ಮಂಜು ಹರಿದ ಮೇಲೆ ಸಂಜೆವರೆಗೆ 35, 40 ಎಎಚ್ ಬರುತ್ತದೆ. ನಿಮ್ಮ ದಿನದ ಖರ್ಚು ಅಷ್ಟೇ ತಾನೇ? ಮೆಕ್ಯಾನಿಕ್ ಹೇಳಿದ 100 ವಾಟಿನದು ಬಟ್ಟ ಬಯಲಲ್ಲೂ ದಿನಕ್ಕೆ 25 ದಾಟುವುದು ಕಷ್ಟ. ಜೂನ್, ಜುಲೈನಲ್ಲಿ ಪ್ಯಾನೆಲ್ ಅಟ್ಟದ ಮೇಲಿರಲಿ, ಬಿಡಿ.

ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್ಲಿನಿಂದ ಆದಷ್ಟೂ ಹೆಚ್ಚು ಕರೆಂಟ್ ತೆಗೆದು ಬ್ಯಾಟರಿಗೆ ಕೊಡುವುದು) ಒಳಗೇ ಇರುವ ಡಿಸಿ-ಡಿಸಿ ಚಾರ್ಜರುಗಳು ಸಿಗುತ್ತವೆ, ಅದನ್ನೇ ತಗೊಳ್ಳಿ. ಆಗ ಪ್ಯಾನೆಲ್ ಬೆನ್ನಿಗೆ ಅಂಟಿಸಿರುವ ಅಗ್ಗದ ಕಂಟ್ರೋಲರ್ ಬಿಚ್ಚಿ ಹಾಕಿ, ಎರಡಿದ್ದರೆ ಒಂದಕ್ಕೊಂದು ಅಡ್ಡ ಬರುತ್ತವೆ. ಬ್ಯಾಟರಿ ಮೊದಲು ಜೋಡಿಸಿ, ಪ್ಯಾನೆಲ್ ಆಮೇಲೆ. ಬಿಚ್ಚುವಾಗ ಪ್ಯಾನೆಲ್ ಮೊದಲು. ಮನೆ ಮೇಲೆ ಹಾಕಿಸಿ ಉಳಿದ 540 ವಾಟಿನ ಪ್ಯಾನೆಲ್ ಇದೆ, ಅದನ್ನೇ ಕೊಡಬಹುದಲ್ಲ ಅಂತ ಯಾರಾದರೂ ಹೇಳಿಯಾರು. ಅದರ ವೋಲ್ಟೇಜ್ 50ರ ಹತ್ತಿರ. ಇಂಥ ಚಾರ್ಜರುಗಳು ಹೆಚ್ಚಾಗಿ 22 ವೋಲ್ಟಿನ ಸಣ್ಣ ಪ್ಯಾನೆಲ್ಲಿಗೆ ಮಾಡಿದವು, ಕೊಟ್ಟ ಕೂಡಲೇ ಹೊಗೆ.

ಛಾವಣಿ ಮೇಲೆ ಏನೂ ಕೂರಿಸದಿದ್ದರೆ ಆರ್‌ಟಿಒ ತಕರಾರೂ ಕಡಿಮೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪ ಬದಲಿಸುವುದರ ಬಗ್ಗೆ ಬಿಗಿಯಾಗಿದೆ. ವಾರಂಟಿ ಇನ್ನೂ ಇದ್ದರೆ ಕಂಪನಿ ವೈರಿಂಗ್ ಕತ್ತರಿಸಬೇಡಿ, ಎಲ್ಲವೂ ಪ್ರತ್ಯೇಕ ಇರಲಿ. ಇನ್ಶೂರೆನ್ಸ್ ನವೀಕರಿಸುವಾಗ ಎಲೆಕ್ಟ್ರಿಕಲ್ ಆಕ್ಸೆಸರಿ ಅಂತ ತೋರಿಸಿ.

ಪ್ರಶ್ನೆ: ನಾನು ಪಶುವೈದ್ಯೆ. ಸ್ವಂತ ಬೊಲೆರೊದಲ್ಲಿ ಹಳ್ಳಿಗಳಿಗೆ ಹೋಗುತ್ತೇನೆ. ಲಸಿಕೆ ಇಡಲು ಇಂಥದೇ ಫ್ರಿಜ್ ಹಾಕಿಸಿದರೆ ಐಸ್ ಬಾಕ್ಸ್ ಬಿಡಬಹುದೇ?
– ಹಾನಗಲ್

ಉತ್ತರ: ಹಾಕಿಸಿ ಮೇಡಂ, ಆದರೆ ಐಸ್ ಬಾಕ್ಸ್ ಬಿಡಬೇಡಿ. ಕಾಲುಬಾಯಿ ಜ್ವರದ ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಲೂಬಾರದು ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಈ ಫ್ರಿಜ್‌ಗಳು ಸೊನ್ನೆಗಿಂತ ಕೆಳಕ್ಕೂ ಹೋಗುತ್ತವೆ. 5ಕ್ಕೆ ಇಟ್ಟು, ಒಳಗೆ ಬೇರೆಯದೇ ಒಂದು ಥರ್ಮಾಮೀಟರ್ ಇಡಿ. ಡಿಸ್‌ಪ್ಲೇ ತೋರಿಸುವುದು ಅದರ ಸೆನ್ಸರ್ ಇರುವ ಜಾಗದ ಲೆಕ್ಕ ಮಾತ್ರ, ತಳದಲ್ಲಿ ಇನ್ನೂ ತಣ್ಣಗಿರುತ್ತದೆ.

ಫ್ರಿಜ್‌ನಲ್ಲಿ ಬ್ಯಾಟರಿ ರಕ್ಷಣೆಗೆ ಸಾಮಾನ್ಯವಾಗಿ ಮೂರು ಹಂತ ಇರುತ್ತವೆ. ಎರಡನೇ ಬ್ಯಾಟರಿಗೆ ಜೋಡಿಸಿದ್ದರೆ ಲೋ ಇಡಿ. ಹೈ ಇಟ್ಟರೆ ಬ್ಯಾಟರಿಯಲ್ಲಿ ಇನ್ನೂ ಇರುವಾಗಲೇ ಫ್ರಿಜ್ ಆಫ್ ಆಗುತ್ತದೆ, ನೀವು ಕೊಟ್ಟಿಗೆಯಲ್ಲಿರುವಾಗ ಗೊತ್ತೂ ಆಗುವುದಿಲ್ಲ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಬೇಡಿ. ಕುಲುಕಾಟಕ್ಕೆ ಸಡಿಲವಾಗುತ್ತದೆ. ತಿರುಗಿಸಿ ಲಾಕ್ ಆಗುವ ಸಾಕೆಟ್ ಹಾಕಿಸಿ. ನೀವು ದಿನಾ ಊರಿಂದೂರಿಗೆ ಓಡಾಡುವವರು, ಡಿಸಿ-ಡಿಸಿ ಚಾರ್ಜರ್ ಒಂದೇ ಸಾಕು. ಸೋಲಾರಿಗೆ ದುಡ್ಡು ಹಾಕಬೇಡಿ.

ಪ್ರಶ್ನೆ: 1998ರ ಜಿಪ್ಸಿ. ಅದಕ್ಕೂ ಇಷ್ಟೆಲ್ಲ ಬೇಕಾ?
– ಯಲ್ಲಾಪುರ

ಉತ್ತರ: ಇಲ್ಲ. ಕಂಪ್ಯೂಟರ್ ಕಾಟ ಇಲ್ಲದ ಗಾಡಿ. ಎರಡನೆಯದು ಲೆಡ್ ಬ್ಯಾಟರಿಯೇ ಆಗಿದ್ದರೆ ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ ಒಂದು ಸಾಕು. 13.3ರ ಹತ್ತಿರ ಎರಡನ್ನೂ ಕೂಡಿಸುತ್ತದೆ, 12.8ಕ್ಕೆ ಇಳಿದರೆ ಬಿಡಿಸುತ್ತದೆ. ಫ್ಯೂಸು, ವೈರಿನ ಮಾತು ಮಾತ್ರ ಮೇಲೆ ಹೇಳಿದ ಹಾಗೆಯೇ. ಮೊದಲು ಆಲ್ಟರ್ನೇಟರ್ ಬ್ರಷ್, ಬೆಲ್ಟ್ ನೋಡಿಸಿ. ಅದೇ ಸವೆದಿದ್ದರೆ ಒಂದು ಬ್ಯಾಟರಿ ತುಂಬಿಸುವುದೇ ಕಷ್ಟ.

ಪ್ರಶ್ನೆ: ಮೇ ಕೊನೆಯಲ್ಲಿ ಬೆಂಗಳೂರಿನಿಂದ ಲಡಾಖ್‌ಗೆ ಹೊರಟಿದ್ದೇವೆ. ಲಿಥಿಯಂ ಬ್ಯಾಟರಿ ಚಳಿಗೆ ಕೆಡುತ್ತದಂತೆ, ಹೌದಾ?
– ಜಯನಗರ

ಉತ್ತರ: ಬಳಸಲು ತೊಂದರೆ ಇಲ್ಲ, ಚಾರ್ಜ್ ಮಾಡಲು ಇದೆ. ಬ್ಯಾಟರಿಯ ಒಳಗೆ ಸೊನ್ನೆ ಡಿಗ್ರಿಗಿಂತ ಕೆಳಗಿರುವಾಗ ಚಾರ್ಜ್ ಕೊಟ್ಟರೆ ಸೆಲ್ ಶಾಶ್ವತವಾಗಿ ಹಾಳಾಗುತ್ತದೆ. ಹಾನ್ಲೆ ಕಡೆ ಮೇ ತಿಂಗಳಲ್ಲೂ ರಾತ್ರಿ ಅಷ್ಟು ಇಳಿಯುತ್ತದೆ. ಕೊಳ್ಳುವಾಗ, ಚಳಿಯಲ್ಲಿ ಚಾರ್ಜ್ ತಾನಾಗಿ ನಿಲ್ಲಿಸುವ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್) ಇದೆಯಾ ಅಂತ ಕೇಳಿ, ಬರಹದಲ್ಲಿ ತೋರಿಸಲು ಹೇಳಿ. ಬ್ಯಾಟರಿ ಗಾಡಿಯ ಒಳಗೇ ಇರಲಿ. ಬೆಳಿಗ್ಗೆ ಹೊರಟು ಹೀಟರ್ ಹಾಕಿ ಒಂದು ಗಂಟೆ ಆದ ಮೇಲೆ ಚಾರ್ಜರ್ ಆನ್ ಮಾಡಲು ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಹಾಕಿಸಿಕೊಳ್ಳಿ. ಆ ಊರಿನಲ್ಲಿ ಫ್ರಿಜ್ ಹೇಗೂ ಹೆಚ್ಚು ಓಡುವುದಿಲ್ಲ. ನಿಮಗೆ ಜಾಸ್ತಿ ಬೇಕಾಗುವುದು ಕ್ಯಾಮೆರಾ, ಫೋನ್ ಚಾರ್ಜಿಂಗ್. ಅದಕ್ಕೆ 50 ಎಎಚ್ ಬ್ಯಾಟರಿ ಧಾರಾಳ ಆಯಿತು.