ಐದನೇ ಚಮಚಕ್ಕೇ ನಿಲ್ಲಿಸಿದ್ದೇಕೆ, ಮೇಷ್ಟ್ರೇ?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ‘ಆಹಾರ ಸಾಕ್ಷರತೆ: ಇಂದಿನ ಅಗತ್ಯ’ ಲೇಖನ ಕೈಸೇರಿದೆ. ಗಣಿತ, ವಿಜ್ಞಾನದ ಹಾಗೆ ತಿನ್ನುವ ವಸ್ತುವಿನ ತಿಳಿವಳಿಕೆಯನ್ನೂ ಶಾಲೆಯಲ್ಲೇ ಕಲಿಸಿ ಅನ್ನುವುದು ನಿಮ್ಮ ವಾದ. ವಾದ ಸರಿಯಾಗಿದೆ. ಬರಹ ಚೊಕ್ಕವಾಗಿದೆ, ಕಾಗುಣಿತದ ತಪ್ಪು ಎರಡೇ ಎರಡು. ಹೊಗಳಿಕೆ ಇಲ್ಲಿಗೆ ಮುಗಿಯಿತು. ಲೇಖನ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಸಾಮಾನ್ಯವಾಗಿ ಇಂಥ ಉತ್ತರವನ್ನು ನಾನು ಎರಡು ಸಾಲಿನಲ್ಲಿ ಮುಗಿಸುತ್ತೇನೆ. ನಿಮಗೆ ಇಷ್ಟುದ್ದ ಬರೆಯಲು ಕಾರಣ ನಾಲ್ಕನೇ ಪುಟದ ಮೂರು ಸಾಲು. ಅದನ್ನು ಓದಿ ಖುಷಿಯಾಯಿತು. ಮುಂದಿನ ಸಾಲಿಗೇ ಸಿಟ್ಟು ಬಂತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ‘ಬೇಕು’. ಪೆನ್ಸಿಲ್ ಹಿಡಿದು ಎಣಿಸಿದೆ. ಐದು ಪುಟದಲ್ಲಿ 41 ಸಲ ಬಂದಿದೆ. ಅರಿವು ಮೂಡಿಸಬೇಕು, ಒತ್ತು ನೀಡಬೇಕು, ಕ್ರಮ ಕೈಗೊಳ್ಳಬೇಕು, ಗಮನ ಹರಿಸಬೇಕು. ಎರಡನೇ ಪುಟ ಶುರುವಾಗುವುದೇ ಹೀಗೆ: “ಬಾಲ್ಯದಿಂದಲೇ ಮಕ್ಕಳಲ್ಲಿ ಆರೋಗ್ಯಕರ ಆಹಾರದ ಬಗ್ಗೆ ಅರಿವು ಮೂಡಿಸಬೇಕು.” ಮೂಡಿಸುವವರು ಯಾರು? ಗಣಿತದ ಮೇಷ್ಟ್ರಾ, ವಿಜ್ಞಾನದ ಮೇಡಮ್ಮಾ, ಅಡುಗೆ ಮಾಡುವವರಾ? ಯಾವ ಪೀರಿಯಡ್‌ನಲ್ಲಿ? ಅರಿವು ಮೂಡಿತು ಅಂತ ಗೊತ್ತಾಗುವುದು ಹೇಗೆ? ಆ ವಾಕ್ಯದಿಂದ ‘ಆರೋಗ್ಯಕರ ಆಹಾರ’ ತೆಗೆದು ‘ಸಂಚಾರ ನಿಯಮ’ ಹಾಕಿ ನೋಡಿ. ‘ಉಳಿತಾಯ’ ಹಾಕಿ ನೋಡಿ. ಎಲ್ಲವೂ ಸಲೀಸಾಗಿ ಕೂರುತ್ತದೆ. ಯಾವ ವಿಷಯಕ್ಕೂ ಒಪ್ಪುವ ವಾಕ್ಯ ನಿಮ್ಮ ವಿಷಯದ್ದು ಹೇಗಾದೀತು?

ಅದೇ ಪುಟದಲ್ಲಿ ಜಪಾನ್ ಬಂದಿದೆ. 2005ರಲ್ಲಿ ಅಲ್ಲಿ ಆಹಾರ ಶಿಕ್ಷಣಕ್ಕೆಂದೇ ಒಂದು ಕಾನೂನು ಬಂತು, ಆ ಶಿಕ್ಷಣಕ್ಕೆ ಅವರು ‘ಶೊಕುಇಕು’ ಅನ್ನುತ್ತಾರೆ ಎಂದಿದ್ದೀರಿ. ಸರಿ. ಆಮೇಲೆ? “ಇದು ಎಲ್ಲರಿಗೂ ಮಾದರಿಯಾಗಬೇಕು.” ಅಷ್ಟೇ. ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಮಧ್ಯಾಹ್ನ ಮಕ್ಕಳೇ ಸರದಿಯ ಮೇಲೆ ಬಿಳಿ ಟೋಪಿ, ಏಪ್ರನ್ ಹಾಕಿಕೊಂಡು ತರಗತಿಗೆ ಊಟ ಹೊತ್ತು ತರುತ್ತಾರೆ, ಜೊತೆಯವರಿಗೆ ಬಡಿಸುತ್ತಾರೆ. ಮೇಷ್ಟ್ರು ಕೂಡ ಅದೇ ಕೋಣೆಯಲ್ಲಿ ಕೂತು ಅದೇ ಊಟ ಮಾಡುತ್ತಾರೆ. ಎಂಟು ವರ್ಷದ ಮಗು ಸೌಟು ಹಿಡಿದು, ಕೊನೆಯ ತಟ್ಟೆಯವರೆಗೂ ಬರುತ್ತದೋ ಇಲ್ಲವೋ ಅಂತ ಪಾತ್ರೆಯೊಳಗೆ ಇಣುಕುವುದನ್ನು ಯೋಚಿಸಿ. ನೀವು ಕಾನೂನು ಇಟ್ಟುಕೊಂಡು ಸೌಟು ಬಿಟ್ಟಿರಿ.

ಈಗ ನನಗೆ ನಿಜವಾಗಿ ಕಿರಿಕಿರಿಯಾದ ಜಾಗ. ಮೂರನೇ ಪುಟ, ಲೇಬಲ್ ಓದುವ ಪ್ಯಾರಾ. ಇಲ್ಲಿ ಒಂದೊಂದೇ ಸಾಲು ಹಿಡಿಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

“100 ಗ್ರಾಂ ಕುರುಕಲು ತಿಂಡಿಯಲ್ಲಿ 800 ಮಿಲಿಗ್ರಾಂ ಸೋಡಿಯಂ ಇದ್ದರೆ ಅದರಲ್ಲಿ ಮುಕ್ಕಾಲು ಗ್ರಾಂಗಿಂತ ತುಸು ಹೆಚ್ಚು ಉಪ್ಪಿದೆ ಎಂದು ಮಕ್ಕಳಿಗೆ ತಿಳಿಸಬೇಕು.” ದಯವಿಟ್ಟು ತಿಳಿಸಬೇಡಿ. ಸೋಡಿಯಂ ಬೇರೆ, ಉಪ್ಪು ಬೇರೆ. ಉಪ್ಪಿನ ತೂಕದಲ್ಲಿ ಸೋಡಿಯಂ ಪಾಲು ನೂರಕ್ಕೆ ಸುಮಾರು 40 ಭಾಗ, ಉಳಿದದ್ದು ಕ್ಲೋರೈಡ್. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 800 ಮಿಲಿಗ್ರಾಂ ಅಂದರೆ 2 ಗ್ರಾಂ ಉಪ್ಪು. ದೊಡ್ಡವರಿಗೇ ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳಿಗೆ ಇನ್ನೂ ಕಡಿಮೆ. ಒಂದು ಸಂಜೆಯ ತಿಂಡಿಯಲ್ಲಿ ದೊಡ್ಡವರ ಲೆಕ್ಕದಲ್ಲೇ ಐದರಲ್ಲೆರಡು ಪಾಲು ಮುಗಿಯಿತು. ನಿಮ್ಮ ಸಾಲು ನಂಬಿದ ಮಗು ಇನ್ನೊಂದು ಪೊಟ್ಟಣ ಒಡೆಯುತ್ತದೆ.

“ಬಿಸ್ಕತ್ತಿನಲ್ಲಿ ಸಕ್ಕರೆ 6 ಗ್ರಾಂ ಎಂದಿತ್ತು.” ಯಾವುದರಲ್ಲಿ 6 ಗ್ರಾಂ? ನೀವೇ ಎರಡು ಸಾಲು ಮೇಲೆ ಪೊಟ್ಟಣದ ತೂಕ 120 ಗ್ರಾಂ, ಒಂದು ಸರ್ವಿಂಗ್ (ಒಂದು ಸಲಕ್ಕೆ ತಿನ್ನುವ ಪಾಲು) 20 ಗ್ರಾಂ ಅಂತ ಬರೆದಿದ್ದೀರಿ. ಆ 6 ಗ್ರಾಂ ಒಂದು ಸರ್ವಿಂಗ್‌ನ ಲೆಕ್ಕ, ಪೊಟ್ಟಣದಲ್ಲಿ ಅಂಥ ಆರು ಸರ್ವಿಂಗ್. ಆರಾರಲ 36. ಚಮಚಕ್ಕೆ ಸುಮಾರು 4 ಗ್ರಾಂ ಹಿಡಿದರೆ ಒಂಬತ್ತು ಚಮಚ. ಪೊಟ್ಟಣ ಒಡೆದವರು 20 ಗ್ರಾಂಗೆ ನಿಲ್ಲಿಸುತ್ತಾರಾ? ನಾನಂತೂ ನಿಲ್ಲಿಸಲ್ಲ. ನಾಲ್ಕನೇ ಕ್ಲಾಸಿನ ಮಗ್ಗಿಯಲ್ಲಿ ಮುಗಿಯುವ ಈ ಲೆಕ್ಕ ಮಾಡಿಸುವುದೇ ಆಹಾರದ ಪಾಠ ಅಲ್ವಾ?

“ಪದಾರ್ಥಗಳ ಪಟ್ಟಿಯಲ್ಲಿ ಸಕ್ಕರೆ ಮೂರನೇ ಸ್ಥಾನದಲ್ಲಿರುವುದು ಸಮಾಧಾನದ ವಿಷಯ.” ಸಮಾಧಾನ ಬೇಡ. ಆ ಪಟ್ಟಿಯಲ್ಲಿ ಯಾವುದರ ತೂಕ ಜಾಸ್ತಿಯೋ ಅದು ಮೊದಲು ಬರುತ್ತದೆ, ಅಷ್ಟು ಸರಿ. ಆದರೆ ನೀವೇ ಇಳಿಸಿಕೊಂಡ ಪಟ್ಟಿ ನೋಡಿ: ಹಿಟ್ಟು, ಎಣ್ಣೆ, ಸಕ್ಕರೆ, ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಉಪ್ಪು. ಮೂರು, ನಾಲ್ಕು, ಐದು, ಮೂರೂ ಸಿಹಿಯೇ. ಬೇರೆ ಬೇರೆ ಹೆಸರಲ್ಲಿ ನಿಂತಿದ್ದರಿಂದ ಒಂದೊಂದೂ ಹಿಂದೆ ಸರಿದಿದೆ. ಕೂಡಿಸಿದರೆ ಎಣ್ಣೆಯನ್ನು ದಾಟಿ ಮುಂದೆ ಹೋದರೂ ಹೋಯಿತು.

ಒಂದೇ ಪ್ಯಾರಾದಲ್ಲಿ ಮೂರು ತಪ್ಪು, ಅದೂ ಲೇಬಲ್ ಓದುವುದನ್ನು ಕಲಿಸಿ ಅನ್ನುವ ಪ್ಯಾರಾದಲ್ಲಿ. ಸಾಕ್ಷರತೆ ಅನ್ನುವ ಪದ ಶೀರ್ಷಿಕೆಯಲ್ಲಿ ಇಟ್ಟವರು ಪೊಟ್ಟಣವನ್ನು ಒಮ್ಮೆ ಕೂತು ಓದಬೇಕು. (42ನೇ ‘ಬೇಕು’ ನನ್ನದು.)

ಇಷ್ಟು ಜೋರು ಮಾಡಲು ನನಗೇನು ಹಕ್ಕು ಅಂತ ಅನ್ನಿಸಿರಬಹುದು. ಹಕ್ಕೇನಿಲ್ಲ, ಏಟು ತಿಂದ ಅನುಭವ. ಇಪ್ಪತ್ತೆರಡನೇ ವಯಸ್ಸಿಗೆ ಒಂದು ವಾರಪತ್ರಿಕೆಗೆ ಸೇರಿದಾಗ ಬೇರೆ ಯಾರಿಗೂ ಬೇಡವಾದ ಅಡುಗೆ ಅಂಕಣ ನನ್ನ ತಲೆಗೆ ಬಂತು. ಒಲೆ ಹಚ್ಚಲೂ ಬಾರದ ಕಾಲ. ಹಳೆಯ ಸಂಚಿಕೆ ಮುಂದಿಟ್ಟುಕೊಂಡು “ಹದವಾಗಿ ಬೇಯಿಸಿ, ರುಚಿಗೆ ತಕ್ಕಷ್ಟು ಉಪ್ಪು ಹಾಕಿ” ಅಂತ ಬರೆದುಕೊಟ್ಟೆ. ಹಿರಿಯ ಉಪಸಂಪಾದಕರೊಬ್ಬರಿದ್ದರು. ಕನ್ನಡಕ ಹಣೆಗೇರಿಸಿ, “ಯಾರ ರುಚಿಗಪ್ಪಾ?” ಅಂದರು. “ಎಲ್ಲರೂ ಹಾಗೇ ಬರೀತಾರೆ ಸಾರ್” ಅಂದೆ. “ಅದಕ್ಕೇ ಯಾರೂ ಓದಲ್ಲ. ಹೋಗು, ಮಾಡಿ, ತಿಂದು, ಆಮೇಲೆ ಬರಿ.”

ಬಾಡಿಗೆ ಕೋಣೆಯಲ್ಲಿ ಮೂರು ರಾತ್ರಿ ಮಾಡಿದೆ. ಮೊದಲನೆಯದು ಬಾಯಿಗಿಡಲಾಗದಷ್ಟು ಉಪ್ಪು. ಎರಡನೆಯದು ತಳ ಹಿಡಿಯಿತು, ಗಡಿಯಾರ ನೋಡಿ ಟಿಪ್ಪಣಿ ಬರೆಯುತ್ತಾ ಕೂತಿದ್ದೆ. ಮೂರನೆಯ ಸಲ ‘ಹದವಾಗಿ’ ಹೋಗಿ “ಮುಚ್ಚಳ ಕುಣಿಯಲು ಶುರುವಾದ ಮೇಲೆ ಉರಿ ಸಣ್ಣ ಮಾಡಿ, 7 ನಿಮಿಷ ಬಿಡಿ” ಬಂತು. ‘ರುಚಿಗೆ ತಕ್ಕಷ್ಟು’ ಹೋಗಿ ಮುಕ್ಕಾಲು ಚಮಚ ಬಂತು. ಅವರು ಮಾತಾಡದೆ ಅಚ್ಚಿಗೆ ಕಳಿಸಿದರು. ಕೊನೆಯ ಸಾಲು ಮಾತ್ರ ಹೊಡೆದು ಹಾಕಿದ್ದರು: “ಇದು ಆರೋಗ್ಯಕ್ಕೆ ಬಹಳ ಒಳ್ಳೆಯದು.” ಯಾಕೆ ಅಂತ ಕೇಳಿದೆ. “ಅದನ್ನೂ ಮಾಡಿ ನೋಡಿದ್ಯಾ?” ಅಂದರು. ಆ ಕೆಂಪು ಗೀಟು ನನಗೆ ಈಗಲೂ ಕಾಣುತ್ತದೆ. ನಿಮ್ಮ ಲೇಖನದ ತುಂಬಾ ಹಾಕಿರುವುದೂ ಅದೇ ಗೀಟನ್ನು.

ಈಗ ಆ ಮೂರು ಸಾಲು. ನೀವು ಬರೆದದ್ದನ್ನೇ ಇಲ್ಲಿ ಇಳಿಸುತ್ತೇನೆ: “ಒಮ್ಮೆ ತರಗತಿಗೆ ಬಿಸ್ಕತ್ತಿನ ಪೊಟ್ಟಣ, ಸಕ್ಕರೆ ಡಬ್ಬ ತೆಗೆದುಕೊಂಡು ಹೋದೆ. ಅದರಲ್ಲಿರುವಷ್ಟು ಸಕ್ಕರೆಯನ್ನು ಒಂದು ಲೋಟಕ್ಕೆ ಚಮಚದಲ್ಲಿ ಹಾಕಿಸುತ್ತಾ ಬಂದೆ. ಐದನೇ ಚಮಚಕ್ಕೆ ಒಬ್ಬಳು ‘ಸಾಕು ಸಾರ್’ ಎಂದಳು.” ಆಮೇಲೆ ನೀವು: “ಇಂಥ ಚಟುವಟಿಕೆಗಳು ಹೆಚ್ಚು ಹೆಚ್ಚು ನಡೆಯಬೇಕು.”

ಅಯ್ಯೋ ಮೇಷ್ಟ್ರೇ! ಆ ಹುಡುಗಿ ಬಾಯಿಬಿಟ್ಟಳು, ನೀವು ಬಾಗಿಲು ಹಾಕಿಬಿಟ್ಟಿರಿ. ಅವಳು ಎಲ್ಲಿ ಕೂತಿದ್ದಳು? ಸಾಕು ಅಂದದ್ದು ಹೆದರಿಯಾ, ನಗುತ್ತಲಾ? ಉಳಿದವರು ಏನಂದರು? ಒಬ್ಬನಾದರೂ “ಹಾಕಿ ಸಾರ್, ನೋಡೋಣ” ಅಂದಿರಬೇಕಲ್ಲ? ಲೋಟದಲ್ಲಿ ಸಕ್ಕರೆ ಎಲ್ಲಿಯವರೆಗೆ ಬಂದಿತ್ತು? ಲೆಕ್ಕದ ಪ್ರಕಾರ ಇನ್ನೂ ನಾಲ್ಕು ಚಮಚ ಬಾಕಿ. ಹಾಕಿದಿರಾ, ಬಿಟ್ಟಿರಾ? ಲೇಬಲ್ ಪ್ಯಾರಾದ ಎಲ್ಲ ಅಂಕಿಗಳೂ ಈ ಲೋಟದೊಳಗೇ ಇವೆ, ಬೇರೆ ಪ್ಯಾರಾ ಯಾಕೆ?

ಮೊದಲ ಮೂರು ಪುಟ ತೆಗೆದುಬಿಡಿ. ಜಪಾನ್ ಬೇಕಿದ್ದರೆ ಸೌಟಿನ ಜೊತೆ ಬರಲಿ, ಇಲ್ಲವಾದರೆ ಸುಮ್ನೆ ಬಿಡಿ. ಆ ದಿನದ ಪೀರಿಯಡ್ ಗಂಟೆಯಿಂದ ಗಂಟೆಯವರೆಗೆ ಬರೆಯಿರಿ. ಅರ್ಧ ನೆನಪಿಲ್ಲ ಅಂದರೆ ಇನ್ನೊಂದು ಪೊಟ್ಟಣ ತಂದು ಇನ್ನೊಂದು ಕ್ಲಾಸಿನಲ್ಲಿ ಮಾಡಿ. ಈ ಸಲ ತೂಕದ ಸಾಲನ್ನು ಮಕ್ಕಳೇ ಜೋರಾಗಿ ಓದಲಿ. 800 ಪದ ಸಾಕು, ಒಂದು ತಿಂಗಳು ಕಾಯುತ್ತೇನೆ.

ಮತ್ತೆ, ಆ ಬಿಸ್ಕತ್ತನ್ನು ಕೊನೆಗೆ ಯಾರು ತಿಂದರು? ಅದನ್ನೂ ಬರೆಯಿರಿ. ನೀವೇ ತಿಂದಿದ್ದರೂ ಪರವಾಗಿಲ್ಲ.