ಅಮೆರಿಕದಲ್ಲಿ ಪೋಡಿಯಾಟ್ರಿ ಕಾಲೇಜಿಗೆ ಅರ್ಜಿ: ಎಂಡಿ ಸೀಟು ಸಿಗದವರು ಹಿಡಿಯುವ ದಾರಿಯೇ ಇದು?

ಮೈಸೂರಿನಲ್ಲಿ ಬಿಎಸ್ಸಿ ಮುಗಿಸಿ ಈಗ ಷಿಕಾಗೊದಲ್ಲಿ ಎಂಎಸ್ ಓದುತ್ತಿದ್ದೀರಿ, ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನಲ್ಲಿ 498 ಬಂದಿದೆ. ‘ಎಂಡಿ ಆಸೆ ಬಿಡು, ಪೋಡಿಯಾಟ್ರಿಗೆ ಹಾಕು, ಸುಲಭವಾಗಿ ಸಿಗುತ್ತದೆ’ ಎಂದು ಸ್ನೇಹಿತರು ಹೇಳಿದ್ದಾರೆ. ಅದು ನಿಜವೇ, ಅರ್ಜಿ ಹಾಕುವುದು ಹೇಗೆ ಎಂದು ಕೇಳಿದ್ದೀರಿ. (ಎಂಡಿ ಎಂದರೆ ಅಮೆರಿಕದಲ್ಲಿ ವೈದ್ಯರಾಗಲು ಓದುವ ಮೂಲ ಪದವಿ, ಪೋಡಿಯಾಟ್ರಿ ಎಂದರೆ ಪಾದ ಮತ್ತು ಕಣಕಾಲಿನ ವೈದ್ಯಕೀಯ.) ನಾನು ಓಹಾಯೋದಲ್ಲಿ ಪಾದವೈದ್ಯೆ. ಅರ್ಜಿ ಹಾಕಬೇಕೆಂದಿರುವ ವಿದ್ಯಾರ್ಥಿಗಳು ಕೆಲಸ ನೋಡಲು ನನ್ನ ಕ್ಲಿನಿಕ್‌ಗೆ ಬರುತ್ತಾರೆ, ಅವರಲ್ಲಿ ಕೆಲವರಿಗೆ ಶಿಫಾರಸು ಪತ್ರವನ್ನೂ ಬರೆದುಕೊಡುತ್ತೇನೆ.

ಸೀಟು ಸಿಗುವುದು ಎಂಡಿಗಿಂತ ಸುಲಭ ಎಂಬುದು ನಿಜ. ಎಂಡಿ ಸೇರುವವರ ಸರಾಸರಿ ಎಂಕ್ಯಾಟ್ ಅಂಕ 511ರ ಆಸುಪಾಸಿನಲ್ಲಿದೆ, ಪೋಡಿಯಾಟ್ರಿಯಲ್ಲಿ 500ಕ್ಕಿಂತ ಕೆಳಗಿದೆ. ನಿಮ್ಮ 498ಕ್ಕಾಗಿ ತಲೆಕೆಡಿಸಿಕೊಳ್ಳಬೇಡಿ. ಆದರೆ ಸೇರಿದ ಮೇಲೆ ಓದು ಹಗುರವಾಗುವುದಿಲ್ಲ. ಪಾದವೈದ್ಯರ ಪದವಿಯಾದ ಡಿಪಿಎಂಗೆ ನಾಲ್ಕು ವರ್ಷ, ಅದಾದ ಮೇಲೆ ಶಸ್ತ್ರಚಿಕಿತ್ಸೆಯೂ ಸೇರಿದ ಮೂರು ವರ್ಷಗಳ ರೆಸಿಡೆನ್ಸಿ (ಆಸ್ಪತ್ರೆಯಲ್ಲಿನ ತರಬೇತಿ), ನಡುವೆ ಹಂತ ಹಂತವಾಗಿ ಪರವಾನಗಿ ಪರೀಕ್ಷೆಗಳು. ಮೊದಲೆರಡು ವರ್ಷ ಇಡೀ ದೇಹದ ಅಂಗರಚನೆ, ಔಷಧಶಾಸ್ತ್ರ, ರೋಗಶಾಸ್ತ್ರ ಎಲ್ಲವನ್ನೂ ಓದಬೇಕು. ‘ಬೇರೇನೂ ಸಿಗಲಿಲ್ಲ’ ಎಂಬ ಒಂದೇ ಕಾರಣಕ್ಕೆ ಬಂದವರಿಗೆ ಏಳು ವರ್ಷ ಬಹಳ ಉದ್ದವಾಗುತ್ತದೆ. ಪಾದವೆಂದರೆ ನಿಮಗೆ ಆಸಕ್ತಿಯಿದೆಯೇ ಎಂಬುದನ್ನು ಅರ್ಜಿಯ ಶುಲ್ಕ ಕಟ್ಟುವ ಮೊದಲೇ ಕಂಡುಕೊಳ್ಳಿ.

ಅದಕ್ಕಿರುವ ದಾರಿ ಒಂದೇ. ಪಾದವೈದ್ಯರೊಬ್ಬರ ಪಕ್ಕದಲ್ಲಿ ನಿಂತು ನೋಡಬೇಕು. ಎಲ್ಲರೂ ಶಸ್ತ್ರಚಿಕಿತ್ಸೆ ನೋಡಬೇಕೆಂದೇ ಬರುತ್ತಾರೆ. ನಾನು ಮೊದಲು ತೋರಿಸುವುದು ಸಕ್ಕರೆ ಕಾಯಿಲೆಯವರ ತಪಾಸಣೆಯನ್ನು. ರೋಗಿ ಕಣ್ಣು ಮುಚ್ಚಿಕೊಂಡಿರುತ್ತಾರೆ. ಮೀನಿನ ಗಾಳದ ದಾರದಂತಹ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ತಾಗಿಸಿ, ಅದು ಬಾಗುವವರೆಗೆ ಒತ್ತುತ್ತೇನೆ. ಹತ್ತು ಗ್ರಾಂ ಭಾರಕ್ಕೆ ಅದು ಬಾಗುತ್ತದೆ. ಹೆಬ್ಬೆರಳು, ಬೆರಳುಗಳ ಬುಡ, ಹೀಗೆ ಒಂದೊಂದೇ ಜಾಗ ಮುಟ್ಟುತ್ತಾ ಹೋಗುತ್ತೇನೆ. ಎಲ್ಲ ಮುಗಿದ ಮೇಲೂ ಕೆಲವರು ‘ಯಾವಾಗ ಶುರು ಮಾಡುತ್ತೀರಿ ಡಾಕ್ಟರ್?’ ಎಂದು ಕೇಳುತ್ತಾರೆ. ಅಂಥವರ ಷೂ ಒಳಗೆ ಕೈಯಾಡಿಸಿದರೆ ಚೂಪಾದ ಕಲ್ಲಿನ ಚೂರು ಸಿಗುವುದುಂಟು. ಬೆಳಗಿನಿಂದ ಅದರ ಮೇಲೆಯೇ ನಡೆದಿರುತ್ತಾರೆ. ಜಡ್ಡುಗಟ್ಟಿದ ಚರ್ಮವನ್ನು ಬ್ಲೇಡಿನಿಂದ ತೆಳುವಾಗಿ ಹೆರೆಯುತ್ತಾ ಹೋದಂತೆ ಅಡಿಯಲ್ಲಿ ಹುಣ್ಣು ಕಾಣಿಸುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಳ್ಳುವ ಹೆಚ್ಚಿನವರ ಕಥೆ ಇಂಥ ಹುಣ್ಣಿನಿಂದಲೇ ಶುರುವಾಗುತ್ತದೆ. ಆ ಹುಣ್ಣನ್ನು ಹೊತ್ತಿಗೆ ಸರಿಯಾಗಿ ಕಂಡು ಕಾಲು ಉಳಿಸುವುದಕ್ಕಿಂತ ದೊಡ್ಡ ಕೆಲಸ ನನ್ನ ವೃತ್ತಿಯಲ್ಲಿಲ್ಲ. ಹಳೆಯ ಹುಣ್ಣಿನ ವಾಸನೆಗೆ ಹಿಂದೆ ಸರಿಯದೆ, ಬಗ್ಗಿ ನೋಡಬೇಕೆನಿಸಿದರೆ ನೀವು ಧೈರ್ಯವಾಗಿ ಅರ್ಜಿ ಹಾಕಬಹುದು.

ಇನ್ನು ಅರ್ಜಿಯ ವಿಷಯ. ದೇಶದಲ್ಲಿ 11 ಪೋಡಿಯಾಟ್ರಿ ಕಾಲೇಜುಗಳಿವೆ. ಅವುಗಳಲ್ಲಿ ಷೋಲ್ ಕಾಲೇಜು ಷಿಕಾಗೊದ ಉತ್ತರಕ್ಕೇ ಇದೆ, ನಿಮಗೆ ಹತ್ತಿರ. ಎಎಸಿಪಿಎಂಎಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಒಂದೇ ಅರ್ಜಿ ತುಂಬಿ, ಬೇಕಾದ ಕಾಲೇಜುಗಳನ್ನು ಆರಿಸಿಕೊಳ್ಳಬಹುದು. ಆಗಸ್ಟ್ ಹೊತ್ತಿಗೆ ಅರ್ಜಿ ಶುರುವಾಗುತ್ತದೆ, ಮುಂದಿನ ವರ್ಷದ ಬೇಸಿಗೆಯವರೆಗೂ ಬಾಗಿಲು ತೆರೆದಿರುತ್ತದೆ. ಹಾಗೆಂದು ನಿಧಾನಿಸಬೇಡಿ. ಅರ್ಜಿ ಬಂದಂತೆಲ್ಲ ಸಂದರ್ಶನಕ್ಕೆ ಕರೆದು ಸೀಟು ಕೊಡುತ್ತಾ ಹೋಗುವುದರಿಂದ, ತಡವಾದಷ್ಟೂ ಸೀಟೂ ವಿದ್ಯಾರ್ಥಿವೇತನವೂ ಕರಗುತ್ತವೆ. ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ಪ್ರಯೋಗಾಲಯದ ಸಮೇತ ಓದಿರಬೇಕು, ಇಂಗ್ಲಿಷ್ ಕೂಡ ಬೇಕು. ವಿಜ್ಞಾನದ ಪ್ರಾಧ್ಯಾಪಕರ ಪತ್ರಗಳ ಜೊತೆಗೆ ಪಾದವೈದ್ಯರೊಬ್ಬರ ಪತ್ರವೂ ಇದ್ದರೆ ಅದಕ್ಕೆ ತೂಕ ಹೆಚ್ಚು. ‘ಜನಸೇವೆ ಮಾಡಬೇಕೆಂಬುದು ಬಾಲ್ಯದ ಕನಸು’ ಎಂದು ಪ್ರಬಂಧ ಆರಂಭಿಸಬೇಡಿ. ಕ್ಲಿನಿಕ್‌ನಲ್ಲಿ ಕಂಡ ಒಬ್ಬ ರೋಗಿಯ ಬಗ್ಗೆ, ಹೆಸರು ಹೇಳದೆ, ಕಂಡದ್ದನ್ನು ಕಂಡಂತೆ ಬರೆಯಿರಿ. ‘ಪೋಡಿಯಾಟ್ರಿಯೇ ಯಾಕೆ?’ ಎಂದು ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ಆಗಲೂ ಕೈಹಿಡಿಯುವುದು ಅದೇ ರೋಗಿ.

ನಿಮಗೆ ತೊಡಕಾಗುವುದು ಎಂಕ್ಯಾಟ್ ಅಲ್ಲ, ಮೈಸೂರಿನ ಪದವಿ. ಭಾರತದ ಅಂಕಪಟ್ಟಿಯನ್ನು ಇಲ್ಲಿನ ಮೌಲ್ಯಮಾಪನ ಸಂಸ್ಥೆಯಿಂದ ಕೋರ್ಸ್‌ವಾರು ಪರಿಶೀಲನೆ ಮಾಡಿಸಬೇಕು. ಅಷ್ಟಾದರೂ ಹಲವು ಕಾಲೇಜುಗಳು ವಿಜ್ಞಾನದ ಕೋರ್ಸ್‌ಗಳಲ್ಲಿ ಒಂದಿಷ್ಟನ್ನಾದರೂ ಅಮೆರಿಕದಲ್ಲೇ ಓದಿರಬೇಕು ಎನ್ನುತ್ತವೆ. ನಿಯಮ ಕಾಲೇಜಿನಿಂದ ಕಾಲೇಜಿಗೆ ಬೇರೆ. ನಿಮ್ಮ ಎಂಎಸ್ ಕೋರ್ಸ್‌ಗಳು ಲೆಕ್ಕಕ್ಕೆ ಬರುತ್ತವೆಯೇ ಎಂದು ಪ್ರವೇಶ ಕಚೇರಿಗೆ ಈಗಲೇ ಇಮೇಲ್ ಬರೆದು ಲಿಖಿತ ಉತ್ತರ ಪಡೆಯಿರಿ.

ಹಣದ ಮಾತನ್ನೂ ಮುಚ್ಚಿಡುವುದಿಲ್ಲ. ಬಹುತೇಕ ಕಡೆ ಬೋಧನಾ ಶುಲ್ಕವೇ ವರ್ಷಕ್ಕೆ 40,000 ಡಾಲರ್ ದಾಟುತ್ತದೆ. ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಇಲ್ಲಿನ ಸರ್ಕಾರಿ ಸಾಲ ಸಿಗುವುದಿಲ್ಲ. ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಅಮೆರಿಕದ ಪ್ರಜೆ ಅಥವಾ ಕಾಯಂ ನಿವಾಸಿಯೊಬ್ಬರ ಜಾಮೀನು ಕೇಳುತ್ತಾರೆ. ರೆಸಿಡೆನ್ಸಿಗೆ ವೀಸಾ ಪ್ರಾಯೋಜಿಸುವ ಆಸ್ಪತ್ರೆಗಳು ಯಾವುವು ಎಂಬುದನ್ನೂ ಸೇರುವ ಮೊದಲೇ ವಿಚಾರಿಸಿ.

ಮುಂದೆ ಊರಿಗೆ ಮರಳುವ ಯೋಚನೆ ಇದ್ದರೆ ಇದನ್ನೂ ತಿಳಿದಿರಿ. ಭಾರತದಲ್ಲಿ ಡಿಪಿಎಂ ಪದವಿ ಎಂಬಿಬಿಎಸ್‌ಗೆ ಸಮಾನವಲ್ಲ. ಅದೊಂದನ್ನೇ ಹಿಡಿದುಕೊಂಡು ಮೈಸೂರಿನಲ್ಲಿ ವೈದ್ಯರಾಗಿ ಶಸ್ತ್ರಚಿಕಿತ್ಸೆ ಮಾಡಲು ಬರುವುದಿಲ್ಲ. ಅಮೆರಿಕದಲ್ಲೂ ಕಣಕಾಲಿನ ಶಸ್ತ್ರಚಿಕಿತ್ಸೆ ಎಷ್ಟರಮಟ್ಟಿಗೆ ಮಾಡಬಹುದು ಎಂಬುದನ್ನು ಆಯಾ ರಾಜ್ಯದ ಕಾನೂನು ನಿರ್ಧರಿಸುತ್ತದೆ. ಇಷ್ಟೆಲ್ಲ ಕೇಳಿದ ಮೇಲೂ ಮನಸ್ಸಿದ್ದರೆ, ಈ ವಾರವೇ ಹತ್ತಿರದ ಪಾದವೈದ್ಯರೊಬ್ಬರಿಗೆ ಫೋನ್ ಮಾಡಿ, ಒಂದು ದಿನ ಬಂದು ನೋಡಬಹುದೇ ಎಂದು ಕೇಳಿ. ವಿದ್ಯಾರ್ಥಿಗಳು ಬರುತ್ತಾರೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಸಂತೋಷವೇ.